ಕಂತಮ್ಮನ ವಾರ

ನಮ್ಮ ಬಳ್ಳಾರಿಯಲ್ಲಿ ಒಂದೊಂದು ದೇವರಿಗೆ ಒಂದೊಂದು ವಾರ. ಸೋಮವಾರ ಕೋಟೆ ಮಲ್ಲೇಶ್ವರನದು, ಮಂಗಳವಾರ, ಶುಕ್ರವಾರ ಕನಕದುರ್ಗಮ್ಮನದು, ಗುರುವಾರ ರಾಯರದು, ಶನಿವಾರ ಹನುಮಪ್ಪನದು. ನಡುವೆ ಬುಧವಾರ ಒಂದು ದಿಕ್ಕಿಲ್ಲದೆ ಬಿದ್ದಿತ್ತು. ಅದನ್ನು ನೋಡಿ ಪಾಪ ಅನ್ನಿಸಿತೋ ಏನೋ, ನಮ್ಮ ಓಣಿಗೆ ಹೊಸ ದೇವತೆಯೊಬ್ಬಳು ಬಂದು ನೆಲೆಸಿದಳು. ಹೆಸರು ಕಂತಮ್ಮ. ಗುಡಿಯಿಲ್ಲ, ಗೋಪುರವಿಲ್ಲ, ಮೂರನೇ ಮನೆಯ ಕಟ್ಟೆಯೇ ಪೀಠ. ಪೂಜಾರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಹೆಗಲಿಗೆ ಕಪ್ಪು ಬ್ಯಾಗು, ಕೈಯಲ್ಲಿ ಟ್ಯಾಬು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬೈಕು ನಿಲ್ಲಿಸಿ ಹಾರ್ನ್ ಹೊಡೆದನೆಂದರೆ ಅದೇ ಗಂಟೆ, ಅದೇ ಜಾಗಟೆ.

ದುರ್ಗಮ್ಮನ ಗುಡಿಗೆ ಹೊರಡಲು ಒಂದು ತಾಸು ಸಿಂಗಾರ ಮಾಡಿಕೊಳ್ಳುವ ನಮ್ಮ ಓಣಿಯ ಹೆಂಗಸರು ಕಂತಮ್ಮನ ಕರೆ ಬಂದರೆ ಹಿಟ್ಟಿನ ಕೈಯಲ್ಲೇ ಓಡುತ್ತಾರೆ. ಹತ್ತು ಮಂದಿಯ ಸಂಘ. ಒಬ್ಬಾಕೆ ಕಟ್ಟಲಿಲ್ಲವೆಂದರೆ ಉಳಿದ ಒಂಬತ್ತು ಮಂದಿ ಕೈಯಿಂದ ಹಾಕಿ ತುಂಬಬೇಕು. ಹಾಗಾಗಿ ಬುಧವಾರ ಬೆಳಿಗ್ಗೆ ನಮ್ಮಲ್ಲಿ ನೆರೆಹೊರೆಯ ಪ್ರೀತಿ ಉಕ್ಕಿ ಹರಿಯುತ್ತದೆ. "ಅಕ್ಕಾ, ಮೈಯಾಗ ಆರಾಮ ಐತಿಲ್ಲ?" ಎಂದು ಏಳು ಗಂಟೆಗೇ ಬಾಗಿಲು ಬಡಿದು ವಿಚಾರಿಸುತ್ತಾರೆ. ಆರಾಮ ಇದ್ದರೆ ದುಡ್ಡೂ ಇದೆ ಅಂತ ಲೆಕ್ಕ.

ನನ್ನ ತಕರಾರು ದೇವತೆಯ ಮೇಲಲ್ಲ, ಅವಳ ಪಂಚಾಂಗದ ಮೇಲೆ. ಸಿರುಗುಪ್ಪದಲ್ಲಿ ಭತ್ತ ದುಡ್ಡಾಗುವುದು ಕಾಲುವೆ ಮನಸ್ಸು ಮಾಡಿದರೆ ವರ್ಷಕ್ಕೆ ಎರಡು ಸಲ. ಕುರುಗೋಡಿನಲ್ಲಿ ಮೆಣಸಿನಕಾಯಿ ವರ್ಷಕ್ಕೆ ಒಂದೇ ಸಲ. ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವವರಿಗೆ ಪೀಸಿನ ಲೆಕ್ಕ. ಹಬ್ಬದ ಮುಂಚೆ ಹಗಲುರಾತ್ರಿ ಮಿಷನ್ನು ತುಳಿದರೆ ಹಬ್ಬ ಮುಗಿದ ಮೇಲೆ ಅದೇ ಮಿಷನ್ನಿನ ಮೇಲೆ ಬೆಕ್ಕು ಮಲಗುತ್ತದೆ. ನನ್ನಂಥವನಿಗೆ ತಿಂಗಳಿಗೊಮ್ಮೆ ಸಂಬಳ. ಕಂತಮ್ಮನಿಗೆ ಮಾತ್ರ ವಾರವಾರವೂ ನೈವೇದ್ಯ ಆಗಬೇಕು. ಮಳೆ ಬಂದರೇನು, ಮದುವೆ ಇದ್ದರೇನು, ಮೈಲಿಗೆಯಾದರೇನು, ಆಕೆಗೆ ಸೂತಕವೇ ಇಲ್ಲ.

ನಾನು ಯಾರೆಂದು ಹೇಳಲಿಲ್ಲ. ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಕೀರ್ದಿ, ಖತಾವಣಿ, ರೈತರ ಪಟ್ಟಿ, ಹಮಾಲಿ, ತೂಕ ಎಲ್ಲ ಬೆರಳ ತುದಿಯಲ್ಲಿ. ವರ್ಷದ ಕೊನೆಗೆ ಒಂದು ರೂಪಾಯಿ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ನನಗೆ ಊಟ ಸೇರುವುದಿಲ್ಲ. ಊರವರ ಲೆಕ್ಕವನ್ನು ಇಷ್ಟು ಚೊಕ್ಕಟವಾಗಿ ಬರೆಯುವವನ ಮನೆಯಲ್ಲಿ ಲೆಕ್ಕದ ಪುಸ್ತಕವೇ ಇರಲಿಲ್ಲ. ಇದು ನಮ್ಮಾಕೆಗೆ ಗೊತ್ತಾದದ್ದು 2024ರ ಯುಗಾದಿಯ ದಿನ. ಸಂವತ್ಸರದ ಹೆಸರು ಕ್ರೋಧಿ. ಆಮೇಲೆ ನಡೆದದ್ದಕ್ಕೆ ಹೆಸರು ಚೆನ್ನಾಗಿಯೇ ಹೊಂದಿಕೊಂಡಿತು.

ಸಂಜೆ ಗುಡಿಯಲ್ಲಿ ಪಂಚಾಂಗ ಶ್ರವಣಕ್ಕೆ ಹೋಗಿದ್ದೆವು. ಆಚಾರ್ಯರು ಒಂದೊಂದೇ ರಾಶಿಯ ಆಯ ವ್ಯಯ ಓದುತ್ತ ಬಂದರು. ನನ್ನ ರಾಶಿ ಯಾವುದೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಸಾಲ ಕೊಡುವವರು ಹಿಂದೆಗೆಯುತ್ತಾರೆ. ಆಯ 2, ವ್ಯಯ 14 ಎಂದು ಬಂತು. "ಅಯ್ಯ, ಪಂಚಾಂಗದಾಗ ನಮ್ಮನಿ ವಿಷಯ ಬರದಾರಲ್ರೀ!" ಎಂದು ನಮ್ಮಾಕೆ ಎಲ್ಲರಿಗೂ ಕೇಳುವಂತೆ ಅಂದುಬಿಟ್ಟಳು. ಗುಡಿಯ ಕಂಬಗಳೂ ನಕ್ಕವು.

ಮನೆಗೆ ಬಂದು ಹೋಳಿಗೆ ತಟ್ಟೆ ಮುಂದಿಟ್ಟು ಕೇಳಿದಳು: "ಖರೇ ಹೇಳ್ರಿ, ನಮಗ ಒಟ್ಟು ಸಾಲ ಎಷ್ಟೈತಿ?"

"ಇರಬೇಕು, ಒಂದೋ ಎರಡೋ ಲಕ್ಷ."

"ಅಂಗಡ್ಯಾಗ ಹಿಂಗ 'ಇರಬೇಕು' ಅಂದ್ರ ಸಾವ್ಕಾರ್ರು ನಿಮ್ಮನ್ನ ಇಟ್ಕೊಂತಾರೇನು?"

ಹೋಳಿಗೆ ಗಂಟಲಲ್ಲಿ ನಿಂತಿತು. ಮಗಳ ಒಂಬತ್ತನೇ ಕ್ಲಾಸಿನ ನೋಟ್‌ಬುಕ್ಕು ಹೊರಗೆ ಬಂತು. ಮುಂದಿನ ಹಾಳೆಯಲ್ಲಿ ಎಲೆಯೊಂದು ಬಿಸಿಲು ಕುಡಿದು ತನ್ನ ಅನ್ನ ತಾನೇ ಬೇಯಿಸಿಕೊಳ್ಳುವ ಚಿತ್ರವಿತ್ತು. ಬಳ್ಳಾರಿಯಲ್ಲಿ ಬಿಸಿಲಿಗೇನು ಬರ, ನಾವೂ ಎಲೆಗಳಾಗಿ ಹುಟ್ಟಿದ್ದರೆ ಈ ಪುಸ್ತಕವೇ ಬೇಕಿರಲಿಲ್ಲ ಅಂದುಕೊಂಡು ಹಿಂದಿನ ಹಾಳೆ ತೆಗೆದೆ.

ಮೊದಲು ಎಲ್ಲರಿಗೂ ಗೊತ್ತಿದ್ದವು ಬಂದವು. ಬೈಕಿನದು 48,000. ಬ್ಯಾಂಕಿನಲ್ಲಿ ಒತ್ತಿ ಇಟ್ಟ ಆಕೆಯ ನಾಲ್ಕು ತೊಲೆ ಬಳೆಯ ಮೇಲೆ 1,60,000. ಕುರುಗೋಡಿನ ಷಡ್ಡಕನಿಂದ ತಂದದ್ದು ಒಂದು ಲಕ್ಷ. ಕಂತಮ್ಮನದು 42,000. ಆಮೇಲೆ ಸ್ವಲ್ಪ ಹೊತ್ತು ಮೌನ. ಮಗ ಕೆಮ್ಮಿದ. ಅವನ ಫೋನಿನದು 14,000 ಬಾಕಿ. "ಜೀರೋ ಬಡ್ಡಿ ಅಪ್ಪ" ಎಂದು ಸೇರಿಸಿದ, ಜೀರೋ ಅಂದರೆ ಸಾಲವೇ ಅಲ್ಲ ಎಂಬಂತೆ. ಅವನು ಬಾಯಿಬಿಟ್ಟ ಧೈರ್ಯಕ್ಕೆ ಆಕೆಯೂ ಕಿರಾಣಿ ಅಂಗಡಿಯ ಉದ್ರಿ ಹೇಳಿದಳು, 6,400. ಆಕೆ ಹೇಳಿದ ಮೇಲೆ ನಾನು ಸುಮ್ಮನಿರುವುದು ಗಂಡಸುತನವಲ್ಲವೆಂದು ಸಾಹುಕಾರರ ಹತ್ತಿರ ಸಂಬಳದ ಮೇಲೆ ಎತ್ತಿದ 35,000 ಒಪ್ಪಿಕೊಂಡೆ. ಮತ್ತೆ ಮೌನ. ಮೂವರೂ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ಅದೂ ಬಂತು: ಯುಗಾದಿ ಖರ್ಚಿಗೆಂದು ಹಿಂದಿನ ದಿನವಷ್ಟೇ ಹೊಸದಾಗಿ ಎತ್ತಿದ ದಿನದ ಕಂತು, 10,000. ಅದೇ ದುಡ್ಡಿನ ಹೋಳಿಗೆ ಎಲ್ಲರ ತಟ್ಟೆಯಲ್ಲಿತ್ತು.

ಕೂಡಿದೆ. ಅಭ್ಯಾಸಬಲ, ಕೆಳಗಿನಿಂದ ಮೇಲಕ್ಕೂ ಕೂಡಿದೆ. ಎರಡು ಸಲವೂ 4,15,400.

ದಿನದ ಕಂತು ಅಂದರೆ ಗೊತ್ತಿಲ್ಲದ ಪುಣ್ಯವಂತರಿಗೆ ಹೇಳುತ್ತೇನೆ. ಹತ್ತು ಸಾವಿರ ಅಂತ ಬರೆದುಕೊಂಡು ಸಾವಿರ ಮೊದಲೇ ಹಿಡಿದು ಒಂಬತ್ತು ಕೈಗೆ ಕೊಡುತ್ತಾರೆ. ದಿನಾ ನೂರರಂತೆ ನೂರು ದಿನ ಕಟ್ಟಬೇಕು. "ಹತ್ತಕ್ಕೆ ಒಂದು, ಮಹಾ ಏನು?" ಎಂದು ನಾನು ಎಂಟು ವರ್ಷದಿಂದ ಒಂದು ಮುಗಿಸಿ ಇನ್ನೊಂದು ಎತ್ತುತ್ತಲೇ ಇದ್ದೆ. ಪಿಯುಸಿ ಕಾಮರ್ಸ್ ಓದುವ ಮಗಳು ಪೆನ್ಸಿಲ್ ಎತ್ತಿಕೊಂಡಳು. "ಅಪ್ಪಾ, ದಿನಾ ಕಟ್ಟಿಕೋತ ಹೋದ್ರ ದುಡ್ಡು ಪೂರ್ತಿ ನಿನ್ನ ಹತ್ರ ಎಲ್ಲಿರತೈತಿ? ಸರಾಸರಿ ನಾಲ್ಕೂವರೆ ಸಾವಿರ ಅಷ್ಟೇ ನಿನ್ನ ಕೈಯಾಗ. ಅದಕ್ಕ ನೂರು ದಿನಕ್ಕ ಸಾವಿರ ಕೊಡ್ತಿ. ವರ್ಷಕ್ಕ ಹತ್ರಹತ್ರ 80 ಪರ್ಸೆಂಟು ಆತು." ಇಪ್ಪತ್ತಾರು ವರ್ಷದ ಗುಮಾಸ್ತ ನಾನು. ಅಷ್ಟು ಹೊತ್ತಿಗೆ ಕರೆಂಟು ಹೋದದ್ದು ದೇವರ ದಯೆ, ಯಾರ ಮುಖವೂ ಯಾರಿಗೂ ಕಾಣಲಿಲ್ಲ.

ಇದರಲ್ಲಿ ನಮ್ಮ ಭಾಷೆಯದೂ ಒಂದಿಷ್ಟು ತಪ್ಪಿದೆ ನೋಡಿ. ಬ್ಯಾಂಕಿನವನು ವರ್ಷಕ್ಕೆ ಹನ್ನೊಂದು ಪರ್ಸೆಂಟ್ ಅಂದರೆ "ಅಬ್ಬಬ್ಬಾ, ಹನ್ನೊಂದು!" ಎಂದು ಎದೆ ಹಿಡಿದುಕೊಂಡು ಹೊರಗೆ ಬರುತ್ತೇವೆ. ಪಕ್ಕದ ಓಣಿಯವನು "ನೂರಕ್ಕ ಮೂರು ರೂಪಾಯಿ" ಅಂದರೆ "ಪಾಪ, ಮನಿಷ್ಯಾ ಚಲೋ ಅದಾನ" ಅನ್ನುತ್ತೇವೆ. ಮೂರು ರೂಪಾಯಿ ಅಂದರೆ ತಿಂಗಳಿಗೆ, ವರ್ಷಕ್ಕೆ 36 ಪರ್ಸೆಂಟು. ಐದು ರೂಪಾಯಿ ಬಡ್ಡಿ ಅಂದರೆ 60. ಆದರೆ ಐದು ರೂಪಾಯಿ ಎಂಬ ಮಾತು ಕಿವಿಗೆ ಒಂದು ಕಟ್ಟು ಕೊತ್ತಂಬರಿಯಂತೆ ತಣ್ಣಗೆ ಬೀಳುತ್ತದೆ. ಸರ್ವಜ್ಞನ ಸಾಲದ ತ್ರಿಪದಿ ನಮ್ಮ ಕಡೆ ಹಸುಗೂಸಿಗೂ ಬಾಯಿಪಾಠ, ಸಾಲ ಕೇಳುವ ಹೊತ್ತಿಗೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

"ಬರೇ ಸಾಲ ಬರದ್ರ ಹೆಂಗ? ಉಳಿತಾಯನೂ ಬರೀರಿ" ಅಂದಳು ನಮ್ಮಾಕೆ. ಮುಖದಲ್ಲಿ ಸ್ವಲ್ಪ ಜಂಬ. ಆಕೆಯದೊಂದು ಚೀಟಿ ಇತ್ತು, ಇಪ್ಪತ್ತು ಮಂದಿ, ತಿಂಗಳಿಗೆ ಎರಡು ಸಾವಿರ. ಎಲ್ಲಿದೆ ಆ ದುಡ್ಡು ಎಂದು ಕೇಳಿದರೆ, ನಾಲ್ಕನೇ ತಿಂಗಳಿಗೇ ಕೂಗಿ, ಆರು ಸಾವಿರ ಬಿಟ್ಟು, 34,000 ಎತ್ತಿ ಆಗಿದೆ. ಯಾತಕ್ಕೆ? ಆಕೆಯ ತಮ್ಮನ ಮನೆಯ ಗೃಹಪ್ರವೇಶಕ್ಕೆ. ಇನ್ನು ಹದಿನಾರು ತಿಂಗಳು ಕಟ್ಟುವುದು ಬಾಕಿ. "ಹಂಗಾದ್ರ ಇದು ಜಮಾ ಅಲ್ಲವಾ, ಖರ್ಚು" ಎಂದು ಗುಮಾಸ್ತನ ಗತ್ತಿನಲ್ಲಿ ಹೇಳಿ 32,000ವನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿದೆ. ಮೊತ್ತ 4,47,400 ಆಯಿತು. ಉಳಿತಾಯ ಬರೆಯಲು ಹೋಗಿ ಸಾಲ ಬೆಳೆದ ಮನೆ ನಮ್ಮದು.

ಆಕೆಗೆ ಚೀಟಿಯ ಚಟ ಹತ್ತಿಸಿದ್ದು ನಾನೇ ಅನ್ನುವುದನ್ನೂ ಒಪ್ಪಿಕೊಂಡುಬಿಡಬೇಕು. ಮೊದಲು ಸಾಸಿವೆ ಡಬ್ಬಿ ಇತ್ತು. 2016ರ ನವೆಂಬರ್ 8ರ ರಾತ್ರಿ ಪ್ರಧಾನಿಯವರು ಟಿವಿಯಲ್ಲಿ ಬಂದು ಐನೂರು, ಸಾವಿರದ ನೋಟು ನಡೆಯುವುದಿಲ್ಲ ಅಂದಾಗ ದೇಶದ ಕಪ್ಪುಹಣ ಎಷ್ಟು ಹೊರಬಿತ್ತೋ, ನಮ್ಮ ಓಣಿಯ ಸಾಸಿವೆ ಡಬ್ಬಿಗಳಂತೂ ಪೂರ್ತಿ ಹೊರಬಿದ್ದವು. ನಮ್ಮಾಕೆಯ ಡಬ್ಬಿಯಲ್ಲಿ 23,500 ಇತ್ತು. ಹದಿಮೂರು ವರ್ಷದ ಗಳಿಕೆ. ಒಂದೊಂದು ನೋಟಿಗೂ ಇಂಗಿನ ವಾಸನೆ. ನಾನು ಜವಾಬ್ದಾರಿಯ ಗಂಡನಂತೆ ಸಾಲಿನಲ್ಲಿ ನಿಂತು ನನ್ನ ಖಾತೆಗೆ ಜಮಾ ಮಾಡಿದೆ. ಆಮೇಲೆ ಆ ದುಡ್ಡು ಹಿಂದಿನ ಬೈಕಿನ ಡೌನ್ ಪೇಮೆಂಟಾಗಿ ಓಡಿಹೋಯಿತು. ಸರಕಾರ ಬರೀ ನೋಟು ಕಿತ್ತುಕೊಂಡಿತು, ದುಡ್ಡು ಕಿತ್ತುಕೊಂಡದ್ದು ನೀವು ಎಂದು ಆಕೆ ಈಗಲೂ ಅನ್ನುತ್ತಾಳೆ. ನನ್ನಲ್ಲಿ ಉತ್ತರವಿಲ್ಲ.

ಸಿರುಗುಪ್ಪದ ಮಾವನವರಿಗೆ ಈ ಪುಸ್ತಕದ ಸುದ್ದಿ ಮುಟ್ಟಿತು. ಅವರು ಸಾಲದ ವಿಷಯದಲ್ಲಿ ಸಿದ್ಧಪುರುಷರು. "ಸಾಲ ಅಂದ್ರ ಕಾಲುವಿ ನೀರಿದ್ದಂಗ ಅಳಿಯಂದ್ರೆ. ಮ್ಯಾಲಿಂದ ಬರತೈತಿ, ನಮ್ಮ ಹೊಲಕ್ಕ ಹಾಯ್ತೈತಿ, ಮುಂದ ಹೊಕ್ಕೈತಿ. ಹಿಡದಿಟ್ಟು ಎಣಸಬಾರದು." ಅವರು ಎಣಿಸುವುದಿಲ್ಲ. ಪ್ರತಿ ವರ್ಷ ಬೆಳೆಸಾಲ ತೀರಿಸುವ ದಿನ ಬಂದಾಗ ಕೈಸಾಲ ತಂದು ಬೆಳಿಗ್ಗೆ ಕಟ್ಟುತ್ತಾರೆ, ಹೊಸ ಸಾಲ ಮಂಜೂರಾದ ಕೂಡಲೇ ಎತ್ತಿ ಕೈಸಾಲ ಮುಟ್ಟಿಸುತ್ತಾರೆ. ನಡುವಿನ ಆ ನಾಲ್ಕು ದಿನಕ್ಕೆ ಕೊಡುವ ಬಡ್ಡಿಯಲ್ಲಿ ಒಂದು ಕುರಿ ಬರುತ್ತದೆ. ಸೊಸೈಟಿಯಲ್ಲಿ ಐದು ಲಕ್ಷದವರೆಗೆ ಹೊತ್ತಿಗೆ ಸರಿಯಾಗಿ ಕಟ್ಟಿದವರಿಗೆ ಬಡ್ಡಿಯೇ ಇಲ್ಲದ ಬೆಳೆಸಾಲ ಇದೆ. ಬಡ್ಡಿಯಿಲ್ಲದ ಸಾಲ ಉಳಿಸಿಕೊಳ್ಳಲು ಬಡ್ಡಿಸಾಲ ಮಾಡುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ಕಾಣೆ.

ಆದರೆ ನಗುವ ಹಾಗೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ತುಂಬಿದ ಕೆರೆಯಂತಿದ್ದ ಡ್ಯಾಮಿನ ನೀರು ಹೊಳೆಗೆ ಸುರಿಯುತ್ತಿರುವುದನ್ನು ಟಿವಿಯಲ್ಲಿ ನೋಡುತ್ತ ಮಾವನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದ ಸುದ್ದಿ ಬಂದಾಗ ಮೊದಲ ಸಲ ನನ್ನನ್ನು ಕೇಳಿದರು: "ಅಳಿಯಂದ್ರೆ, ಆ ಪುಸ್ತಕ ಹೆಂಗ ಬರೀಬೇಕು?" ನಾನು ಹೇಳಿಕೊಡುವ ಮೊದಲೇ ಹಿಂಗಾರಿಗೆ ನೀರು ಬಿಡುತ್ತಾರೆಂಬ ಮಾತು ಊರಲ್ಲಿ ಎದ್ದಿತು. ಮತ್ತೆ ಕೇಳಲಿಲ್ಲ.

ಕುರುಗೋಡಿನ ಷಡ್ಡಕನ ಕಥೆ ಬೇರೆ. ಮೆಣಸಿನಕಾಯಿಗೆ ಒಳ್ಳೆ ದರ ಬಂದ ವರ್ಷ ಆತ ಕೈಯೆತ್ತಿ ನನಗೆ ಒಂದು ಲಕ್ಷ ಕೊಟ್ಟಿದ್ದ, ಎರಡು ರೂಪಾಯಿ ಬಡ್ಡಿಗೆ. "ನಿಮ್ಮ ಹತ್ರ ಏನು ಬಡ್ಡಿ ಅಣ್ಣಾ, ಹೆಸರಿಗಷ್ಟೇ" ಅಂದಿದ್ದ. ಹೆಸರಿಗೆ ತಿಂಗಳಿಗೆ 2,000. 2024ರ ಮಾರ್ಚಿನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದರಲ್ಲ, ಆಗ ಆತನ ಕಾಯಿಯೂ ಅಲ್ಲಿಗೇ ಹೊರಟು ಲಾರಿಯಲ್ಲಿತ್ತು. ಅಲ್ಲಿಂದ ಆತ ತಿಂಗಳಿಗೊಮ್ಮೆ ಬಳ್ಳಾರಿಗೆ ಬರತೊಡಗಿದ. "ಹಂಗೇ ಬಂದಿದ್ದೆ ಅಣ್ಣಾ." ದುಡ್ಡಿನ ಮಾತೇ ಎತ್ತುವುದಿಲ್ಲ. ಚಹಾ ಕುಡಿಯುತ್ತಾನೆ. ಗೋಡೆ ನೋಡುತ್ತಾನೆ. "ಫ್ಯಾನು ಹೊಸಾದೇನು?" ಅನ್ನುತ್ತಾನೆ. ದೊಡ್ಡಬಸವೇಶ್ವರನ ತೇರಿಗೆ ಕರೆಯಲು ಬಂದವನು "ನೀವು ಬಂದ್ರ ಸಾಕು, ಏನೂ ತರಬ್ಯಾಡ್ರಿ" ಎಂದು 'ಏನೂ'ವನ್ನು ಎಷ್ಟು ಉದ್ದ ಎಳೆದನೆಂದರೆ ಆ ವರ್ಷ ತೇರಿಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಕುರುಗೋಡು ಬಳ್ಳಾರಿಗೆ ಇಷ್ಟು ಹತ್ತಿರ ಇರಬಾರದಿತ್ತು.

ವಸೂಲಿಯ ಕಾಟಕ್ಕೆ ಕಾನೂನು ಬಂದಿದೆ, ನಿಜ. 2025ರ ಫೆಬ್ರವರಿ 12ರಂದು ರಾಜ್ಯಪಾಲರ ಅಂಕಿತ ಬಿದ್ದ ಸುಗ್ರೀವಾಜ್ಞೆಯಲ್ಲಿ ಕಿರುಸಾಲದ ವಸೂಲಿಗೆ ದೌರ್ಜನ್ಯ ಮಾಡಿದವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಅದಕ್ಕೆ ಮೊದಲೇ, 2022ರಲ್ಲಿ ರಿಸರ್ವ್ ಬ್ಯಾಂಕು ನಿಯಮ ಮಾಡಿದೆ: ಕಿರುಸಾಲದವರು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಫೋನು ಮಾಡಿ ಪೀಡಿಸುವಂತಿಲ್ಲ, ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಸಾಲ ಕೊಡುವಂತಿಲ್ಲ. ಈ ಎರಡನೆಯದನ್ನು ಓದಿ ನಮ್ಮಾಕೆ "ಅರ್ಧ ಅಂದ್ರ ಎಷ್ಟ್ರೀ, ನಾವು ಮುಕ್ಕಾಲು ದಾಟೀವಿ" ಅಂದಳು. ಆರು ಗಂಟೆಯ ನಿಯಮ ನನಗೆ ಬಹಳ ಹಿಡಿಸಿತು, ಪೇಪರಿನ ಆ ಭಾಗ ಕತ್ತರಿಸಿ ಗೋಡೆಗೆ ಅಂಟಿಸಿದೆ. ಷಡ್ಡಕನ 'ಹಂಗೇ ಬಂದಿದ್ದೆ'ಗೆ ಮಾತ್ರ ಯಾವ ಕಾನೂನಿನಲ್ಲೂ ಕಲಮು ಇಲ್ಲ.

ತಮಾಷೆ ಅಂದರೆ, ನಾವು ಕೂತಿರುವುದು ಬ್ಯಾಂಕಿನ ತವರಿನಲ್ಲಿ. ದೇಶದ ಮೊಟ್ಟಮೊದಲ ಸಹಕಾರಿ ಸಾಲದ ಸಂಘಗಳಲ್ಲೊಂದು ಹುಟ್ಟಿದ್ದು 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ತುಂಗಭದ್ರಾ ಗ್ರಾಮೀಣ ಬ್ಯಾಂಕು 1976ರಲ್ಲಿ ಬಳ್ಳಾರಿಯಲ್ಲೇ ಶುರುವಾಯಿತು. ಅದು ಪ್ರಗತಿಯಾಗಿ, ಪ್ರಗತಿ ಕೃಷ್ಣಾ ಆಗಿ, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ ಕೂಡಿ, 2025ರ ಮೇ 1ರಿಂದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಸೇರಿಸಿಕೊಂಡು ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕಾಗಿ ನಿಂತಿದೆ. ಹೆಡ್ ಆಫೀಸು ಇಲ್ಲೇ. ಬೀದರಿನವನೂ ಚಾಮರಾಜನಗರದವನೂ ಸಾಲಕ್ಕೆ ನಮ್ಮೂರಿನ ಬ್ಯಾಂಕಿಗೆ ಕೈಯೊಡ್ಡುತ್ತಾನೆ. ನಮ್ಮೂರಿನವನು ಚಹಾದಂಗಡಿಯಲ್ಲಿ ವಗ್ಗಾಣಿ, ಮಿರ್ಚಿ ತಿನ್ನುತ್ತ 80 ಪರ್ಸೆಂಟಿಗೆ ದಿನದ ಕಂತು ಎತ್ತುತ್ತಾನೆ. ಯಾಕೆಂದರೆ ಬ್ಯಾಂಕಿನವನು ಕಾಗದ ಕೇಳುತ್ತಾನೆ, ದಿನದ ಕಂತಿನವನು ಮಿರ್ಚಿ ಕೊಡಿಸುತ್ತಾನೆ.

ಇನ್ನು ತೀರಿಸುವ ಮಾತು. ಇಲ್ಲಿ ನಮ್ಮಿಬ್ಬರಿಗೂ ಮಹಾಯುದ್ಧವಾಯಿತು. ನನ್ನದು ಲೆಕ್ಕದ ದಾರಿ: ಯಾವುದಕ್ಕೆ ಬಡ್ಡಿ ಹೆಚ್ಚೋ ಅದನ್ನು ಮೊದಲು ಕಡಿಯಬೇಕು. ಆಕೆಯದು ಕಳೆ ತೆಗೆಯುವ ದಾರಿ: ಸಣ್ಣ ಸಣ್ಣವನ್ನು ಮೊದಲು ಕಿತ್ತು ಬಿಸಾಡಬೇಕು. ದಿನದ ಕಂತಿನ ವಿಷಯದಲ್ಲಿ ಇಬ್ಬರಿಗೂ ಒಮ್ಮತ. ಅದು ನೂರು ದಿನಕ್ಕೆ ಮುಗಿಯಿತು, ಮತ್ತೆ ಎತ್ತಲಿಲ್ಲ. ಆಮೇಲೆ ಜಗಳ. "ಮುಂದಿಂದು ಷಡ್ಡಕನ ಸಾಲ. ವರ್ಷಕ್ಕ 24 ಪರ್ಸೆಂಟು" ಅಂದೆ. "ಮೊದ್ಲು ಕಿರಾಣಿ ಅಂಗಡಿ, ಆಮ್ಯಾಲ ಇವನ ಫೋನು" ಅಂದಳು. ಕಿರಾಣಿಗೆ ಬಡ್ಡಿಯೇ ಇಲ್ಲ, ಫೋನಿಗೂ ಇಲ್ಲ, ಅವನ್ನು ಕೊನೆಗೆ ತೀರಿಸುವುದೇ ಶಾಸ್ತ್ರ ಎಂದು ವಾದಿಸಿದೆ.

"ಬಡ್ಡಿ ಇಲ್ಲ ಅಂದ್ರ ಹೆಂಗ? ಆರು ತಿಂಗಳಿಂದ ಆತ ಕೊಟ್ಟಿದ್ದ ಬ್ಯಾಳಿ ನಾ ಮಾತಾಡದ ತಗೊಂಡು ಬರ್ತೀನಿ. ಹುಳ ಇದ್ರೂ ಕೇಳಾಕ ಬಾಯಿಲ್ಲ. ಅದು ಬಡ್ಡಿ ಅಲ್ಲೇನು?"

ಖತಾವಣಿಯಲ್ಲಿ ಇಂಥ ಬಡ್ಡಿಗೆ ಅಂಕಣವೇ ಇಲ್ಲ. ಸೋತೆ. ಕಿರಾಣಿ ಉದ್ರಿ ತೀರಿಸಿದ ಮರುದಿನ ಆಕೆ ಅಂಗಡಿಗೆ ಹೋಗಿ ಅರ್ಧ ತಾಸು ಚೌಕಾಶಿ ಮಾಡಿ ಬಂದಳು. ಅಷ್ಟು ತೇಜಸ್ಸು ಆಕೆಯ ಮುಖದಲ್ಲಿ ನಮ್ಮ ಮದುವೆಯಲ್ಲೂ ನೋಡಿರಲಿಲ್ಲ. ಫೋನು ಮುಗಿಯಿತು, ಸಾಹುಕಾರರ ಅಡ್ವಾನ್ಸು ಇಳಿಯತೊಡಗಿತು. ಒಂದೊಂದು ಸಾಲ ತೀರಿದಾಗಲೂ ಮಗಳು ನೋಟ್‌ಬುಕ್ಕಿನಲ್ಲಿ ಕೆಂಪು ಗೀಟು ಎಳೆಯುತ್ತಿದ್ದಳು, ಮಗ ಅದರ ಫೋಟೋ ಹಿಡಿಯುತ್ತಿದ್ದ. ಆಕೆಯ ದಾರಿಯಲ್ಲಿ ಹೋದದ್ದಕ್ಕೆ ನಾಲ್ಕಾರು ಸಾವಿರ ಹೆಚ್ಚು ಬಡ್ಡಿ ಬಿತ್ತೆಂದು ನಾನು ರಾತ್ರಿ ಗುಟ್ಟಾಗಿ ಲೆಕ್ಕ ಹಾಕಿದ್ದೇನೆ. ನನ್ನ ದಾರಿಯಲ್ಲಿ ಹೊರಟಿದ್ದರೆ ಎರಡನೇ ತಿಂಗಳಿಗೇ ಪುಸ್ತಕ ಅಟ್ಟ ಸೇರುತ್ತಿತ್ತು ಎನ್ನುವುದೂ ಗೊತ್ತು. ಇದನ್ನು ಆಕೆಗೆ ಹೇಳಿಲ್ಲ, ನೀವೂ ಹೇಳಬೇಡಿ.

ಲೆಕ್ಕದವನು ಗೆದ್ದದ್ದು ಒಂದೇ ಕಡೆ. 2025ರ ಏಪ್ರಿಲ್‌ನಲ್ಲಿ ಬಂಗಾರ ಹತ್ತು ಗ್ರಾಮಿಗೆ ಒಂದು ಲಕ್ಷ ಮುಟ್ಟಿತು. ಬೆಂಗಳೂರು ರೋಡಿನ ಬಂಗಾರದಂಗಡಿಗಳ ಮುಂದೆ ಜನ ದರದ ಹಲಗೆ ನೋಡಲೆಂದೇ ನಿಲ್ಲತೊಡಗಿದರು. ನಮ್ಮ ಬಳೆಗಳು ಬ್ಯಾಂಕಿನ ಕತ್ತಲೆಯಲ್ಲಿ ಕೂತೇ ಬೆಲೆ ಏರಿಸಿಕೊಂಡಿದ್ದವು. "ಬಿಟ್ಟಿ ಲಾಕರ್‌ನಾಗ ಅದಾವ" ಎಂದು ಆಕೆ ಓಣಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ನಾನು ಹೇಳಿದೆ: ಅದೇ ಬಳೆಯ ಮೇಲೆ ಇನ್ನೊಂದು ಲಕ್ಷ ಎತ್ತಿ ಷಡ್ಡಕನ ಬಾಯಿ ಮುಚ್ಚೋಣ. ಆತನಿಗೆ ತಿಂಗಳಿಗೆ 2,000 ಹೋಗುತ್ತದೆ, ಬ್ಯಾಂಕಿಗೆ ವರ್ಷಕ್ಕೆ ಒಂಬತ್ತರಂತೆ ತಿಂಗಳಿಗೆ 750. ಆಕೆ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಒಂದು ಷರತ್ತು ಹಾಕಿದಳು: "ಷಡ್ಡಕಗ ಕೊಡ್ತಿದ್ದ ಎರಡು ಸಾವಿರ ಹಂಗೇ ನನ್ನ ಕೈಗೆ ಕೊಡಬೇಕು. ಉಳೀತು ಅಂತ ಮಿರ್ಚಿ ತಿನ್ನಂಗಿಲ್ಲ." ಬಡ್ಡಿ ಕಳೆದು ಉಳಿದ 1,250 ಬಳೆಯ ಅಸಲಿಗೆ ಹೋಗತೊಡಗಿತು. ದುಡ್ಡು ಕೊಡಲು ಕುರುಗೋಡಿಗೆ ಹೋದರೆ ಷಡ್ಡಕ ನೋಟುಗಳನ್ನು ಎರಡೆರಡು ಸಲ ಎಣಿಸುತ್ತ ಅಂದ: "ಅವಸರೇನಿತ್ತು ಅಣ್ಣಾ?"

ಇಷ್ಟರ ಮುಂಚೆಯೇ ಒಂದು ಸಣ್ಣ ಅನಾಹುತ ಆಗಿಹೋಗಿತ್ತು. ವಿಶ್ವಾವಸು ಸಂವತ್ಸರದ ಯುಗಾದಿಗೆ ಸರಿಯಾಗಿ ಕಂತಮ್ಮನ ಸಾಲ ತೀರಿತ್ತು. ವಾರಕ್ಕೆ 850. ಮರು ಬುಧವಾರ ಹಾರ್ನ್ ಕೇಳಿ ನಮ್ಮಾಕೆ ಅಭ್ಯಾಸಕ್ಕೆ ಎದ್ದು ನಿಂತು, ನೆನಪಾಗಿ, ಕೂತು, ನಕ್ಕಳು. ಆ 850 ಅವತ್ತು ಮನೆಯಲ್ಲಿತ್ತು. ಗುರುವಾರ ನೋಡಿದರೆ ಇಲ್ಲ. ಯಾರೂ ಕದ್ದಿಲ್ಲ, ಯಾರೂ ಏನೂ ಕೊಂಡಿಲ್ಲ. ಎರಡನೇ ವಾರವೂ ಹಾಗೇ. ಐವತ್ತು ವಾರ ಮಳೆಯಲ್ಲೂ ಜ್ವರದಲ್ಲೂ ಒಂದು ರೂಪಾಯಿ ತಪ್ಪದೆ ಹೊಂದಿಸಿದ ಮನೆ, ಹೊಂದಿಸುವ ಹಂಗು ತೀರಿದ ಮೇಲೆ ಅದೇ 850ನ್ನು ಒಂದು ರಾತ್ರಿ ಕಾಯಲಾರದೆ ಹೋಯಿತು.

ಆಗ ಆಕೆಗೆ ಅಜ್ಜಿಯ ಹಗೇವು ನೆನಪಾಯಿತು. ಹಳೆ ಮನೆಗಳ ಅಂಗಳದಲ್ಲಿ ಆಳುದ್ದ ಗುಂಡಿ, ಒಳಗೆ ಹುಲ್ಲು ಹಾಸಿ ಜೋಳ ತುಂಬಿ ಮೇಲೆ ಮಣ್ಣು ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಧಾತು ಸಂವತ್ಸರದ ಬರ ಬಂದಾಗ, ಅಂದರೆ 1876ರ ಸುಮಾರಿಗೆ, ಬಳ್ಳಾರಿ ಸೀಮೆಯಲ್ಲಿ ಜನ ಹುಳುಗಳಂತೆ ಸತ್ತರು. ಹಗೇವಿನಲ್ಲಿ ಕಾಳಿದ್ದ ಮನೆ ಉಳಿಯಿತು ಎಂದು ಅವರ ಮನೆಯಲ್ಲಿ ತಲೆಯಿಂದ ತಲೆಗೆ ಹೇಳಿಕೊಂಡು ಬಂದಿದ್ದಾರೆ. ಹಗೇವಿಗೊಂದು ಕಟ್ಟಳೆ: ಬಾಯಿ ತೆಗೆದ ಕೂಡಲೇ ಇಳಿಯಬಾರದು. ಒಳಗೆ ವಿಷಗಾಳಿ ಇರುತ್ತದೆ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. "ನಮ್ಮ ಸಾಸಿವಿ ಡಬ್ಬಿ ಬಾಯಿ ಬಲು ಸಡಿಲ್ರೀ. ಹಗೇವು ಬೇಕು" ಅಂದಳು.

ಹಗೇವು ಸಿಕ್ಕಿದ್ದು ಪೋಸ್ಟಾಫೀಸಿನಲ್ಲಿ. ಐದು ವರ್ಷದ ಆರ್‌ಡಿ, ಬಡ್ಡಿ 6.7. ತಿಂಗಳಿಗೆ ನೂರು ರೂಪಾಯಿಯಿಂದಲೂ ಶುರು ಮಾಡಬಹುದು. ಎರಡು ಸಾವಿರ ಕಟ್ಟಿದರೆ ಐದು ವರ್ಷಕ್ಕೆ ಕಟ್ಟಿದ್ದು 1,20,000, ಬರುವುದು 1,42,000 ಚಿಲ್ಲರೆ. ಷಡ್ಡಕನ ಬಡ್ಡಿಯ ಮುಂದೆ ಈ ಬಡ್ಡಿ ಇರುವೆ. ಆದರೆ ಈ ಇರುವೆ ನಮ್ಮ ಮನೆಯ ಕಡೆಗೆ ನಡೆಯುತ್ತದೆ. ವಾರದ 850 ಕೂಡಿ ತಿಂಗಳಿಗಾಗುವ ಮೂರು ಸಾವಿರ ಚಿಲ್ಲರೆಯಲ್ಲಿ ಎರಡು ಆರ್‌ಡಿಗೆ, ಉಳಿದದ್ದು ಬಳೆ ಬಿಡಿಸಲು. ಗೃಹಲಕ್ಷ್ಮಿಯ ಎರಡು ಸಾವಿರ ಬಂದಾಗ ಅದು ಯಾವ ಕಡೆ ಹೋಗುತ್ತದೆಂದು ಕೇಳುವ ಹಕ್ಕು ನನಗಿಲ್ಲ, 2016ರಲ್ಲಿ ಕಳೆದುಕೊಂಡೆ. ಹಗೇವಿನ ಕಟ್ಟಳೆಯೂ ಜಾರಿಗೆ ಬಂತು. ಕೂಡಿಟ್ಟದ್ದನ್ನು ತೆಗೆಯಬೇಕೆಂದರೆ ಮೊದಲು ಬಾಯಿಬಿಟ್ಟು ಹೇಳಬೇಕು, ಮೂರು ದಿನ ಗಾಳಿಯಾಡಬೇಕು. ಹೊಸ ಟಿವಿ ತೆಗೆಯುವ ನನ್ನ ಯೋಜನೆ ಎರಡನೇ ದಿನಕ್ಕೇ ದೀಪ ಆರಿಸಿಕೊಂಡಿತು.

ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಬೈಕಿನದು ಒಂದಿಷ್ಟಿದೆ. ಆದರೆ ಬುಧವಾರ ಮತ್ತೆ ಕಂತಮ್ಮನ ವಾರವಾಗಿದೆ. ಪೀಠ ಬದಲಾಗಿ ನಮ್ಮ ಅಡುಗೆಮನೆಗೆ ಬಂದಿದೆ, ಪೂಜಾರಿಣಿ ನಮ್ಮಾಕೆ. ಹೊತ್ತು ಮೀರಿದರೆ ಐವತ್ತು ರೂಪಾಯಿ ದಂಡ. ಮೊನ್ನೆ ಯಾರ್ಡಿನಲ್ಲಿ ಭತ್ತದ ಲಾರಿಗಳು ಸಾಲುಗಟ್ಟಿ ಮನೆಗೆ ಬರುವಾಗ ಆರೂವರೆ ದಾಟಿತ್ತು. ಬಾಗಿಲಲ್ಲೇ ಕೈಚಾಚಿ ನಿಂತಿದ್ದಳು. ನಾನು ಗೋಡೆಯ ಮೇಲಿನ ಪೇಪರ್ ತುಂಡು ತೋರಿಸಿದೆ.

"ಸಂಜಿ ಆರರ ಮ್ಯಾಲ ವಸೂಲಿಗೆ ಕಾಡಂಗಿಲ್ಲ. ರಿಸರ್ವ್ ಬ್ಯಾಂಕ್ ಕಾನೂನೈತಿ."

"ಅದು ಸಾಲಕ್ಕ ರೀ" ಅಂದಳು. "ಇದಕ್ಕಲ್ಲ. ತಗೀರಿ, ಒಂಬೈನೂರು."